ಅಂಗಳ ತಲುಪಿದ ಒಂದು ಬುಟ್ಟಿ ಮಣ್ಣು

ಟ್ರ್ಯಾಕ್ಟರ್ ಉಪಕರಣಗಳ ಅಂಗಡಿಯಲ್ಲಿ ಸಂಬಳಕ್ಕಿದ್ದ ಅವನು ಯಾವ ಕೆಲಸಕ್ಕೆ ಯಾವ ಉಪಕರಣ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವುದರಲ್ಲಿ ಎತ್ತಿದ ಕೈ. ಮಳೆ ಬಂದರೆ ಅವನಮ್ಮನ ಕೋಣೆಗೆ ನೀರು ನುಗ್ಗುತ್ತಿತ್ತು. ಅಂಗಳ ಎತ್ತರಿಸಲೆಂದು, ಅಂಗಡಿಯಲ್ಲಿದ್ದ ಅತಿ ಅಗಲದ ಮಣ್ಣು ಎಳೆಯುವ ಬ್ಲೇಡನ್ನೇ ಆರಿಸಿ ತಂದ. ಮಣ್ಣಿನ ದಿಬ್ಬವಿದ್ದದ್ದು ಹೊಲದ ಆಚೆ ತುದಿಯಲ್ಲಿ. ಬ್ಲೇಡನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿ ಎಳೆದದ್ದೆಲ್ಲ ದಾರಿಯುದ್ದಕ್ಕೂ ಪಕ್ಕಕ್ಕೆ ಸೋರಿ, ಅಂಗಳ ತಲುಪಿದ್ದು ಒಂದು ಬುಟ್ಟಿಯಷ್ಟು.

"ಗಿರಾಕೀನ ಮೊದಲು ಏನು ಕೇಳ್ತೀಯೋ?" ಎಂದಳು ಅಕ್ಕ.

"ಮಣ್ಣು ಎಷ್ಟು ದೂರ ಹೋಗ್ಬೇಕು ಅಂತ."

"ಮತ್ತೆ ನಮ್ಮನ್ನ ಯಾಕೆ ಕೇಳ್ಲಿಲ್ಲ, ಮಹಾರಾಯ?"

ಅವನಿಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಮೋಡ ಕಪ್ಪಿಟ್ಟಿತ್ತು. ಬ್ಲೇಡು ಕಳಚಿ, ಮಣ್ಣು ತುಂಬಿ ಸುರಿಯುವ ಟ್ರೇಲರ್ ತರಲು ಹೊರಟವನಿಗೆ ಕಿಟಕಿಯಲ್ಲಿ ಅಮ್ಮ ಕಂಡಳು. ಹಾಸಿಗೆಯನ್ನು ಮೇಜಿನ ಮೇಲೆ ಏರಿಸಲು ಹೆಣಗುತ್ತಿದ್ದಳು. ಇಂಜಿನ್ ನಿಲ್ಲಿಸಿ ಒಳಗೆ ಹೋಗಿ ಹಾಸಿಗೆಯ ಇನ್ನೊಂದು ತುದಿ ಹಿಡಿದ.