ಒಬ್ಬರೇ ಬಂದವರಿಗೆ ರೂಮಿಲ್ಲ

ಆಂಟಿ ಮೊಬೈಲನ್ನು ಕಿರುಬೆರಳಿನಿಂದ ಒತ್ತುತ್ತಿದ್ದರು. ಉಳಿದ ಬೆರಳುಗಳಿಗೆ ಸದಾ ಅಕ್ಕಿಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಬಾಳೆಎಲೆಯ ಮೇಲೆ ರೊಟ್ಟಿ ತಟ್ಟುತ್ತಲೇ ಕಿರುಬೆರಳೊಂದನ್ನು ಕೊಕ್ಕಿನ ಹಾಗೆ ಚಾಚಿ, ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಫೋನಿನ ಗಾಜನ್ನು ಮೇಲಕ್ಕೆ ತಳ್ಳುವರು. ಆ ಫೋನನ್ನು ಯಾರು ಮುಟ್ಟಿದರೂ ಕೈಗೆ ಒಣಹಿಟ್ಟು ಹತ್ತುತ್ತಿತ್ತು. ಅಷ್ಟು ಆಸ್ಥೆಯಿಂದ ಅವರು ನೋಡುತ್ತಿದ್ದದ್ದು ಪೋರ್ಟ್ ಬ್ಲೇರಿಗೆ ಹೋಗುವ ವಿಮಾನದ ಟಿಕೆಟ್ ದರವನ್ನು.

ಕೊಡಗಿನ ಮಾದಾಪುರದಿಂದ ಸ್ವಲ್ಪ ಒಳಗೆ, ಎಸ್ಟೇಟ್ ರಸ್ತೆಯ ತಿರುವಿನಲ್ಲಿ ಅವರ ಹೋಂಸ್ಟೇ ಇತ್ತು. ಕೆಲವೇ ರೂಮು, ಮುಂದೆ ಜಗಲಿ, ಹಿಂದೆ ಒಂದಿಷ್ಟು ಕಾಫಿ ಗಿಡ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ನಾನು ಹೈಸ್ಕೂಲಿಗೆ ಗಣಿತದ ಟೀಚರಾಗಿ ಅರಕಲಗೂಡಿನ ಕಡೆಯಿಂದ ಬಂದಿಳಿದ ದಿನ, ಅವರು ಜಗಲಿಯ ಮೇಲೆ ನಿಂತು ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿದರು.

"ಎಷ್ಟ್ ಜನ?"

"ಒಬ್ಬಳೇ."

"ಒಬ್ರಿಗೆ ರೂಮ್ ಕೊಡಲ್ಲ ಕಣಮ್ಮ."

ಇಲ್ಲಿನ ಎಷ್ಟೋ ಹೋಂಸ್ಟೇಗಳಲ್ಲಿ ಇದು ಬರೆದಿಡದ ನಿಯಮ. ಜೋಡಿ ಬರಲಿ, ಸಂಸಾರ ಬರಲಿ, ಕಿರುಚಾಡುವ ಗುಂಪೇ ಬರಲಿ. ಒಬ್ಬರೇ ಬಂದು ಮಂಜು ನೋಡುತ್ತ ಕೂರುತ್ತೇನೆ ಎಂದರೆ ಮಾಲೀಕರ ಎದೆ ಹೊಡೆದುಕೊಳ್ಳುತ್ತದೆ. ಎಲ್ಲೋ ಯಾರೋ ಹಾಗೆ ಬಂದು ಬೆಳಿಗ್ಗೆ ಬಾಗಿಲು ತೆಗೆಯಲೇ ಇಲ್ಲ ಎಂಬ ಕತೆ ಎಲ್ಲರ ಬಾಯಲ್ಲೂ ಇದೆ. ಆಂಟಿ ನನ್ನ ತಾಯಿಗೆ ಫೋನ್ ಹಾಕಿಸಿ, ನಾನು ಯಾರು, ಯಾಕೆ ಬಂದೆ, ಮನೆಯಲ್ಲಿ ಜಗಳವಾಡಿ ಬಂದಿಲ್ಲ ತಾನೇ ಎಂದೆಲ್ಲ ವಿಚಾರಿಸಿದ ಮೇಲೇ ಬೀಗದ ಕೈ ಕೊಟ್ಟದ್ದು. ಬೇರೆ ಮನೆ ಸಿಗುವ ತನಕ ಎರಡು ದಿನಕ್ಕೆಂದು ಬಂದವಳು ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಅಲ್ಲೇ ಉಳಿದುಬಿಟ್ಟೆ.

ಅವರ ಜೊತೆ ಬದುಕುವುದು ಸುಲಭವೇನಲ್ಲ. ಯಾವ ಮಾತು ಎಲ್ಲಿಗೆ ಹೋಗಿ ಮುಟ್ಟಿದರೂ "ಅದೆಲ್ಲ ಹೋಗ್ಲಿ, ಕಾಫಿ ಕುಡಿದ್ರಾ?" ಎಂದು ಮುಗಿಸಿಬಿಡುವರು. ನಾನು ಉತ್ತರಪತ್ರಿಕೆ ತಿದ್ದುತ್ತ ಕೂತರೆ ಬಾಗಿಲಲ್ಲಿ ನಿಂತು, "ಪಾಪ, ಪಾಸ್ ಮಾಡಿ ಟೀಚರೇ, ಮುಂದಿನ ವರ್ಷನೂ ಅದೇ ಮುಖಗಳನ್ನ ನೋಡ್ಬೇಕಾ ನೀವು" ಎನ್ನುವರು. ಗೆಸ್ಟುಗಳು ಹೊರಟ ಮೇಲೆ ಹಾಸಿಗೆ ನೋಡಿ ಅವರ ಸಂಸಾರ ಹೇಗಿದೆ ಎಂದು ತೀರ್ಪು ಕೊಡುವುದು ಅವರ ಇನ್ನೊಂದು ಚಟ. ಶನಿವಾರ ಮನೆ ತುಂಬಾ ಜನ, ನಗು, ಕಾರು. ಸೋಮವಾರ ಬೆಳಿಗ್ಗೆ ನಾವಿಬ್ಬರೇ. ಒಗೆದ ಬೆಡ್‌ಶೀಟುಗಳು ತಂತಿಯ ಮೇಲೆ ಉದ್ದಕ್ಕೂ ನೇತಾಡುತ್ತಿದ್ದ ಆ ಸೋಮವಾರಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಆಂಟಿಗೆ ದ್ವೀಪದ ಹುಚ್ಚು ಹಿಡಿಸಿದ್ದು ಹಾಗೆ ಬಂದುಹೋದ ಒಂದು ಜೋಡಿ. ಅವರು ಹಿಂದಿನ ವರ್ಷ ಲಿಟಲ್ ಅಂಡಮಾನಿಗೆ ಹೋಗಿದ್ದರಂತೆ. ಪೋರ್ಟ್ ಬ್ಲೇರಿನವರೆಗೆ ವಿಮಾನ, ಅಲ್ಲಿಂದ ಹಡಗು. ಹಡಗು ಇವತ್ತು ಉಂಟೋ ಇಲ್ಲವೋ ಗಾಳಿಯನ್ನು ಕೇಳಬೇಕು. ಅವರು ತೋರಿಸಿದ ಫೋಟೋದಲ್ಲಿ ಉದ್ದದ ಖಾಲಿ ತೀರ, ಅವರು ಉಳಿದುಕೊಂಡಿದ್ದ ತಗಡಿನ ಮನೆ, ಮೆಟ್ಟಿಲ ಮೇಲೆ ಎರಡು ಲೋಟ. ಆಂಟಿ ಆ ಲೋಟಗಳನ್ನೇ ದೊಡ್ಡದು ಮಾಡಿ ಮಾಡಿ ನೋಡಿದರು.

"ಸಮುದ್ರ ನೋಡೋಕೆ ಅಷ್ಟು ದೂರ ಯಾಕೆ ಆಂಟಿ? ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು" ಎಂದೆ.

"ಕಣ್ಣೂರಲ್ಲಿ ಯಾರಾದ್ರೂ ನಮ್ಮೋರು ಸಿಕ್ತಾರೆ. ಮನೆಗೆ ಕರೀತಾರೆ. ಹೋದ್ರೆ ನಾನೇ ಎದ್ದು ಪಾತ್ರೆ ತೊಳೀತೀನಿ." ಸ್ವಲ್ಪ ಹೊತ್ತು ರೊಟ್ಟಿ ತಟ್ಟಿದರು. "ಎಷ್ಟ್ ಜನಕ್ಕೆ ಹಾಸಿಗೆ ಹಾಸಿದೀನಿ ಟೀಚರೇ. ನಂಗೆ ಅಂತ ಯಾರೂ ಹಾಸಿಲ್ಲ. ಒಂದ್ ಸಲ ಗೆಸ್ಟ್ ಆಗ್ಬೇಕು ನಾನು. ಬೆಳಿಗ್ಗೆ ಬೇರೆ ಯಾರೋ ಕಾಫಿ ಮಾಡಿ ತರ್ಬೇಕು, ನಾನು ಕೂತ್ಕೊಂಡೇ ಇಸ್ಕೊಳ್ಬೇಕು. ಅಷ್ಟೆ."

ಅಂದಿನಿಂದ ಶುರುವಾಯಿತು. ಬೆಳಿಗ್ಗೆ ಮೊದಲು ಕಾಫಿ ರೇಟು, ಆಮೇಲೆ ಟಿಕೆಟ್ ರೇಟು. ಬೆಂಗಳೂರಿನಿಂದ ಅಗ್ಗ, ಆದರೆ ಅಲ್ಲಿಯ ಏರ್‌ಪೋರ್ಟ್ ಮುಟ್ಟುವಷ್ಟರಲ್ಲಿ ಉಳಿಸಿದ್ದು ಕೈಬಿಟ್ಟು ಹೋಗುತ್ತದೆ. ಕಣ್ಣೂರು ಹತ್ತಿರ, ಆದರೆ ಅಲ್ಲಿಂದ ಚೆನ್ನೈಗೆ ಹೋಗಿ ಇಳಿದರೆ ಮುಂದಿನ ವಿಮಾನ ಆಗಲೇ ಹಾರಿಹೋಗಿರುತ್ತದೆ. ಮಳೆಗಾಲದಲ್ಲಿ ಟಿಕೆಟ್ ನೀರಿನ ದರಕ್ಕೆ ಇಳಿಯುತ್ತದೆ, ಆದರೆ ಹಡಗು ನಿಲ್ಲುತ್ತದೆ. ಇದನ್ನೆಲ್ಲ ಅವರು ನನಗೆ ಪಾಠ ಮಾಡಿ ಹೇಳುವರು. ಒಮ್ಮೆ ದರ ಚೆನ್ನಾಗಿ ಕೆಳಗೆ ಬಂದಾಗ, "ತಗೊಂಡ್‌ಬಿಡಿ ಆಂಟಿ" ಎಂದೆ. "ತಡೀರಿ, ಇನ್ನೂ ಇಳೀತದೆ" ಎಂದರು. ಕಾಫಿ ಬೆಳೆದವರ ಬುದ್ಧಿ ಅದು. ರೇಟು ಇನ್ನಷ್ಟು ಏರಲಿ ಎಂದು ಮೂಟೆಗಳನ್ನು ಗೋಡೌನಿನಲ್ಲಿಟ್ಟು ಕಾಯುವವರು ಇದನ್ನು ಇನ್ನಷ್ಟು ಇಳಿಯಲಿ ಎಂದು ಕಾದರು. ಅದು ಮಾರನೇ ದಿನವೇ ಗಗನಕ್ಕೇರಿತು. ಎರಡು ದಿನ ಮುಖ ಊದಿಸಿಕೊಂಡಿದ್ದರು, ತಪ್ಪು ನನ್ನದೇ ಎಂಬಂತೆ.

ಕೊನೆಗೆ ಮಾರ್ಚ್ ತಿಂಗಳಿಗೆ ಅಗ್ಗದ ಟಿಕೆಟ್ ಒಂದು ಸಿಕ್ಕಿತು. ರದ್ದು ಮಾಡಿದರೆ ದುಡ್ಡು ವಾಪಸು ಬರದ ಟಿಕೆಟ್. ನಾನು ಜೊತೆಗೆ ಹೋಗುವಂತಿರಲಿಲ್ಲ, ಎಸ್ಸೆಸ್ಸೆಲ್ಸಿ ಪರೀಕ್ಷೆ. "ನೀವು ಬಂದ್ರೆ ನಿಮ್ಮನ್ನ ನೋಡ್ಕೊಳ್ಳೋ ಕೆಲ್ಸ ಬೇರೆ" ಎಂದು ನಕ್ಕರು. ರೂಮನ್ನು ಮಾತ್ರ ಇನ್ನೂ ಹಿಡಿದಿರಲಿಲ್ಲ. ಮಾರ್ಚಿನಲ್ಲಿ ರೂಮು ಖಾಲಿ ಬಿದ್ದಿರುತ್ತವೆ, ಈ ದಂಧೆ ನನಗೆ ಗೊತ್ತಿಲ್ಲವೇ ಎಂಬ ಧೈರ್ಯ ಅವರದು. ಕರಿಮೆಣಸು ತೂಗುವ ತಕ್ಕಡಿಯ ಮೇಲೆ ಬ್ಯಾಗನ್ನಿಟ್ಟು, ಒಂದು ಸೀರೆ ತೆಗೆದು, ಮತ್ತೆ ಇಟ್ಟು, ಕೊನೆಗೆ ಸೀರೆಯ ಬದಲು ಕಾಫಿಪುಡಿಯ ಪೊಟ್ಟಣವನ್ನು ಹೊರಗೆ ತೆಗೆದರು. ಅಲ್ಲಿಯವರ ಕಾಫಿಯನ್ನೇ ಕುಡಿಯುತ್ತೇನೆ ಎಂದರು.

ಒಂದು ಭಾನುವಾರ ಬೆಳಿಗ್ಗೆ ಸ್ಪೀಕರ್ ಹಾಕಿಕೊಂಡು ಆ ತಗಡಿನ ಮನೆಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದೆ. ಆ ಮನೆಯಾಕೆ ಎಂದೋ ತಮಿಳುನಾಡಿನಿಂದ ಹೋಗಿ ಅಲ್ಲಿ ನೆಲೆಸಿದವರು. ಆಂಟಿಗೆ ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ಕಲಿತ ತಮಿಳು ಚೆನ್ನಾಗಿ ಬರುತ್ತಿತ್ತು. ಮಳೆ, ಹಡಗು, ಮೀನು ಎಂದು ಮಾತು ನಗುನಗುತ್ತ ಸಾಗಿತ್ತು. ಎಷ್ಟು ಜನ ಎಂದು ಆಕೆ ಕೇಳಿದರು. ಆಂಟಿ ಹೇಳಿದರು.

"ತನಿಯಾವಾ?" ಒಬ್ಬರೇನಾ ಎಂದು ಆಚೆಯ ದನಿ ತಣ್ಣಗಾಯಿತು. ಒಬ್ಬರೇ ಬಂದವರಿಗೆ ರೂಮಿಲ್ಲ, ತಪ್ಪು ತಿಳಿಯಬೇಡಿ, ಡಾಕ್ಟರು ದೂರ, ಪೊಲೀಸರು ದೂರ, ಏನಾದರೂ ಆದರೆ ನಾವು ಯಾರಿಗೆ ಹೇಳೋಣ ಎಂದರು.

ಆಂಟಿ ಮೊದಲು ನಕ್ಕರು. ಫೋನಿನ ಬಾಯಿ ಮುಚ್ಚಿ, "ನೋಡ್ರೀ, ನಾನ್ ಹೇಳೋದನ್ನೇ ಹೇಳ್ತಾ ಅವ್ಳೆ" ಎಂದರು. ನಾನೂ ಹೋಂಸ್ಟೇ ನಡೆಸುವವಳೇ, ನಿಮ್ಮ ಭಯ ನನಗೆ ಗೊತ್ತು ಎಂದು ಆಕೆಗೆ ವಿವರಿಸಿದರು. ಆಕೆ ಮೆತ್ತಗಾದರು. ಹಾಗಾದರೆ ಮನೆಯವರು ಯಾರಿಗಾದರೂ ಫೋನ್ ಕೊಡಿ, ಒಂದು ಮಾತು ಕೇಳಿಬಿಡುತ್ತೇನೆ ಎಂದರು.

ಆಂಟಿ ಅಡುಗೆಮನೆಯ ಸುತ್ತ ಕಣ್ಣಾಡಿಸಿದರು. ಅಷ್ಟು ದೊಡ್ಡ ಮನೆಯಲ್ಲಿ ಫೋನ್ ಕೊಡಲು ಅವರಿಗೆ ಯಾರೂ ಇರಲಿಲ್ಲ. ನಾನೇ ಕೈ ಚಾಚಿ ಫೋನ್ ಇಸಿದುಕೊಂಡೆ. ತಮಿಳು ಕೇಳಿದರೆ ತಿಳಿಯುತ್ತಿತ್ತು, ನನ್ನ ಬಾಯಲ್ಲಿ ಮಾತ್ರ ಹರಕು ಮುರುಕು. "ನೀನು ಅವರಿಗೆ ಏನಾಗಬೇಕು?" ಎಂದು ಆಕೆ ಕೇಳಿದರು.

"ಮಗಳು" ಎಂದೆ. ನನ್ನ ನಂಬರನ್ನೂ ಕೊಟ್ಟೆ.

ರೂಮು ಸಿಕ್ಕಿತು. ಆಂಟಿ ಬಟಾಣಿಯ ಮೊರವನ್ನು ನನ್ನ ಮುಂದಿನಿಂದ ಎಳೆದುಕೊಂಡು, ಉಳಿದದ್ದನ್ನೆಲ್ಲ ತಾವೇ ಬಿಡಿಸಿದರು.

ಕಾಫಿ ಹೂ ಬಿಟ್ಟಿದ್ದಾಗ ಹೋದವರು ಹೂ ಕಂದಿದ ಮೇಲೆ ಬಂದರು. ಮೂಗು ಸುಟ್ಟಿತ್ತು, ಚಪ್ಪಲಿ ತುಂಬ ಮರಳು. ಹೇಗಿತ್ತು ಎಂದು ಎಷ್ಟು ಸಲ ಕೇಳಿದರೂ "ಚೆನ್ನಾಗಿತ್ತು. ಅದೆಲ್ಲ ಹೋಗ್ಲಿ, ಕಾಫಿ ಕುಡಿದ್ರಾ?" ಎಂಬಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಒಂದು ಸಂಜೆ ಬೆನ್ನಿಗೊಂದು ಚೀಲ ಹಾಕಿಕೊಂಡು ಗಡ್ಡದವನೊಬ್ಬ ಒಬ್ಬನೇ ಬಂದ. ಆಂಟಿ ಅವನ ಹಿಂದೆ ಇಣುಕಲಿಲ್ಲ. ನೇರ ಬೀಗದ ಕೈ ಕೊಟ್ಟು, ಬೆಳಿಗ್ಗೆ ಅವನ ಬಾಗಿಲ ಹತ್ತಿರ ತಾವೇ ಕಾಫಿ ಒಯ್ದು, ಅವನು ಎದ್ದು ಬರುವವರೆಗೆ ತಟ್ಟಿದರು. ಭಯ ಹೋಗಿರಲಿಲ್ಲ, ಆದರೂ ಕೊಟ್ಟರು.

ಮರುವರ್ಷದ ಮಳೆಗಾಲದಲ್ಲಿ ಎದೆನೋವು ಎಂದ ಆಂಟಿ ಮಡಿಕೇರಿ ಆಸ್ಪತ್ರೆ ಮುಟ್ಟಲಿಲ್ಲ. ಗಂಡನ ಕಡೆಯವರು ಬಂದರು, ದೂರದ ನೆಂಟರು ಬಂದರು. ಬಂದವರೆಲ್ಲ ಮೈದುನಂದಿರ ಕೈ ಹಿಡಿದು ನಾಲ್ಕು ಮಾತಾಡಿದರು. ನಾನು ಅಂಗಳದ ಮೂಲೆಯಲ್ಲಿ ಬಾಡಿಗೆ ಕುರ್ಚಿಗಳ ಹತ್ತಿರ ನಿಂತಿದ್ದೆ. ಯಾರೋ ಒಬ್ಬರು ಬಂದು, "ಟೀಚರೇ, ಇನ್ನು ನೀವು ಬೇರೆ ಮನೆ ನೋಡ್ಕೋಬೇಕಾಗ್ತದೆ ಅಲ್ವಾ" ಎಂದರು. ಹೂಂ ಎಂದೆ. ಬಾಡಿಗೆಯವಳಿಗೆ ಅದಕ್ಕಿಂತ ಹೆಚ್ಚು ಏನು ಹೇಳಬೇಕಿತ್ತು ಅವರು. ಕೋಪ ಬರಲಿಲ್ಲ. ಅತ್ತರೆ ಜನ ತಿರುಗಿ ನೋಡುತ್ತಾರೆ ಎಂದು ಅಳಲೂ ಇಲ್ಲ.

ತಿಥಿ ಮುಗಿದು ನಾನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ದ್ವೀಪದ ಆ ಮನೆಯಾಕೆ. ಅಮ್ಮನಿಗೆ ಫೋನ್ ಮಾಡಿದರೆ ತೆಗೆಯುತ್ತಿಲ್ಲ, ಅದಕ್ಕೆ ನಿನಗೆ ಮಾಡಿದೆ ಎಂದರು. ನನಗೆ ಬರುವಷ್ಟು ತಮಿಳಿನಲ್ಲಿ ಹೇಳಬೇಕಾದ್ದನ್ನು ಹೇಳಿದೆ.

ಆಮೇಲೆ ಆಕೆ ನಿಧಾನವಾಗಿ, ನನಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದರು. ಮೊದಲ ದಿನ ನಿನ್ನಮ್ಮ ನನಗಿಂತ ಮುಂಚೆ ಎದ್ದು ನನ್ನ ಒಲೆ ಹಚ್ಚಿಬಿಟ್ಟಿದ್ದಳು. ಮಾರನೇ ದಿನವೂ ಅದೇ. ಬೈದೆ. ಮೂರನೇ ದಿನ ಮೆಟ್ಟಿಲ ಮೇಲೆ ಕೂತೇ ಇದ್ದಳು, ಏಳಲಿಲ್ಲ. ನಾನು ಕಾಫಿ ಒಯ್ದು ಕೊಟ್ಟೆ. ಎರಡೂ ಕೈಯಲ್ಲಿ ಇಸಿದುಕೊಂಡಳು. ಕಣ್ಣಲ್ಲಿ ನೀರು ತುಂಬಿಕೊಂಡು, ಸಕ್ಕರೆ ಜಾಸ್ತಿ ಎಂದಳು. ಆದರೆ ಪೂರ್ತಿ ಕುಡಿದಳು.

"ಅಳಬೇಡ ಮಗಳೇ" ಎಂದರು. "ತಾಯಿ ಹೋದರೆ ಮನೆಯಲ್ಲಿ ಏನಿರುತ್ತದೆ ಹೇಳು. ನಿನ್ನ ಕಷ್ಟ ನನಗೆ ಗೊತ್ತಾಗುತ್ತದೆ."

ಆ ಸಾವಿಗೆ ನನ್ನನ್ನು ಸಮಾಧಾನ ಮಾಡಿದವರು ಅವರೊಬ್ಬರೇ. ನಾನು ಮಗಳಲ್ಲ ಎಂದು ಹೇಳಲಿಲ್ಲ. ಪುಸ್ತಕದ ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತು, ಆಕೆ ಫೋನ್ ಇಡುವವರೆಗೆ ಅತ್ತೆ.