ಹಾಡಿಗೆ ಮೊದಲು ಇಳಿಯುತ್ತಿದ್ದ ಅಂಗೈ

ಟೀಚರ ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ನೀಲಿ ಮೇಣದ ಒಂದು ಹನಿ ಯಾವಾಗಲೂ ಅಂಟಿಕೊಂಡಿರುತ್ತಿತ್ತು ಎಂದು ನನ್ನ ನೆನಪು. ಹನುಕ್ಕಾ, ಯಹೂದಿಗಳು ಎಂಟು ದಿನ ಮೇಣದಬತ್ತಿಯ ದೀಪ ಹಚ್ಚುವ ಹಬ್ಬ, ಬರುವುದು ವರ್ಷಕ್ಕೊಮ್ಮೆ. ಮೇಣ ಯಾವಾಗಲೂ ಇರಲು ಸಾಧ್ಯವೇ ಇಲ್ಲ. ಆದರೂ ಅವರು ಕನಸಿನಲ್ಲಿ ಬಂದಾಗಲೆಲ್ಲ ಆ ಹನಿ ಇದ್ದೇ ಇರುತ್ತದೆ.

ಬಹರೈನಿನ ಗುಫೂಲ್ ಬಡಾವಣೆಯಲ್ಲಿ ನಮ್ಮ ಫ್ಲಾಟಿನ ಎದುರು ಬಾಗಿಲು ಅವರದು. ಇಲ್ಲೇ ಹುಟ್ಟಿ ಬೆಳೆದವರು. ಇಲ್ಲಿನ ಬೆರಳೆಣಿಕೆಯ ಯಹೂದಿ ಮನೆಗಳಲ್ಲೊಂದರ ಹಿರಿಯರು. ಶುಕ್ರವಾರ ಮಧ್ಯಾಹ್ನ ಐದಾರು ಮಕ್ಕಳಿಗೆ ಹಬ್ಬದ ಹಾಡು ಕಲಿಸುತ್ತಿದ್ದರು. ಎಲ್ಲರಿಗೂ ಅವರು ಟೀಚರ್. ಊರಲ್ಲಿ ಭಜನೆ ತಂಡದಲ್ಲಿ ಹಾಡಿದ್ದ ನಾನು, ಎಸಿ ಗುಂಯ್‌ಗುಡುವ ಆ ಅರೆನಿದ್ದೆಯ ಹೊತ್ತಿನಲ್ಲಿ ಬಾಗಿಲ ಸಂದಿಯಿಂದ ಬರುವ ರಾಗ ಕೇಳುತ್ತಾ ಕೇಳುತ್ತಾ ಒಂದು ದಿನ ಹೋಗಿ ಕೂತೇಬಿಟ್ಟೆ.

ಅವರದೊಂದು ಕ್ರಮವಿತ್ತು. ಹಾಡಿಗೆ ಮೊದಲು ಎಲ್ಲರಿಗಿಂತ ಹೆಚ್ಚು ನಾಚಿಕೆಯ ಮಗುವಿನ ಕಡೆ ತಿರುಗಿ, ನೀನೇ ಶ್ರುತಿ ಕೊಡು ಎಂಬಂತೆ ಅಂಗೈಯನ್ನು ನಿಧಾನವಾಗಿ ಮೊಣಕಾಲಿನವರೆಗೆ ಇಳಿಸುವರು. ಆ ಮಗು ಗುನುಗಿದ ಶ್ರುತಿಯಲ್ಲೇ ಹಾಡು ಶುರು. ಆ ಮಗು ಅವರ ಮೊಮ್ಮಗಳೇ. ಗುನುಗುವುದು ಬಿಟ್ಟರೆ ಬಾಯಿ ಬಿಡದವಳು. ಇನ್ನೊಂದು ಮಾತು, ಹಾಡಿಸಲು ನಿಂತವರು ತಪ್ಪಿದರೆ ಉಳಿದವರು ಬಾಯಿ ಹಾಕಬಾರದು.

ಒಂದು ವರ್ಷ ಹನುಕ್ಕಾ ಹತ್ತಿರ ಬರುವಾಗ, ಎರಡು ಸಾಲು ಹಾಡಿದರೆ ಅವರಿಗೆ ಉಸಿರು ಕಟ್ಟುತ್ತಿತ್ತು. ನಮ್ಮಿಬ್ಬರ ಹರಕು ಹಿಂದಿಯಲ್ಲಿ ಹೇಳಿದರು: "ಬೇಟಿ, ಈ ಸಲ ನೀನು ಹಾಡಿಸು. ನನ್ನ ಮೊಮ್ಮಗಳು ಬಾಯಿ ಬಿಡುವವರೆಗೆ ಹಾಡು ಈ ಮನೆಯಲ್ಲಿ ಉಳಿಯಬೇಕು."

"ನಾನು ನಿಮ್ಮವಳಲ್ಲವಲ್ಲ ಟೀಚರ್."

"ಹಾಡು ಬರುತ್ತದಲ್ಲ? ಖಲಾಸ್, ಅಷ್ಟು ಸಾಕು."

"ಎಂತ ಮಾರಾಯ್ತಿ, ಅವರ ಹಬ್ಬಕ್ಕೆ ಹಾಡುವುದು ನೀನಾ?" ಎಂದು ನನ್ನ ಗಂಡ ನಕ್ಕರು. "ಹೌದು, ನೀವು ಬಂದು ತಾಳ ಹಾಕಿ" ಎಂದೆ.

ಮೊದಲ ದೀಪದ ಸಂಜೆ, ಗಾಬರಿಯಲ್ಲಿ ಮೊಮ್ಮಗಳ ಕಡೆ ನೋಡುವುದನ್ನೇ ಮರೆತು, ಭಜನೆಯಲ್ಲಿ ರೂಢಿಯಾಗಿದ್ದ ನನ್ನದೇ ಶ್ರುತಿಯಲ್ಲಿ ಎತ್ತಿಕೊಂಡೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮಕ್ಕಳ ದನಿ ಅಷ್ಟು ಎತ್ತರಕ್ಕೆ ಎಟುಕದೆ ಒಂದೊಂದಾಗಿ ಜಾರಿ, ಹಾಡುತ್ತಿದ್ದವಳು ನಾನೊಬ್ಬಳೇ ಉಳಿದೆ. ಅಳು ಬಂತು. ಕಾಪಾಡಲಿ ಎಂದು ಟೀಚರತ್ತ ನೋಡಿದೆ. ಅವರು ತುಟಿ ಬಿಗಿದು ಕೂತಿದ್ದರು. ಅಂಗೈ ಮಾತ್ರ ಮೊಣಕಾಲಿಗೆ ಇಳಿದಿತ್ತು. ನಾನು ಮೊಮ್ಮಗಳ ಕಡೆ ತಿರುಗಿದೆ. ಅವಳು ಗುನುಗಿದಳು. ಮತ್ತೆ ಮೊದಲಿಂದ ಹಾಡಿದೆವು.

"ತಪ್ಪಿದ ಮೇಲೂ ಓಡಲಿಲ್ಲವಲ್ಲ, ನೀನು ಹಾಡಿಸುವವಳೇ" ಎಂದರು ಆಮೇಲೆ, ನನ್ನ ಕೈ ಹಿಡಿದು. ಅಷ್ಟು ಪ್ರೀತಿಯಿಂದ ನನಗೆ ಯಾರೂ ತಪ್ಪು ತೋರಿಸಿದ್ದಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಶುಕ್ರವಾರದ ಮಧ್ಯಾಹ್ನಗಳನ್ನು ನಾನು ಬಿಡಲಿಲ್ಲ. ಅವರ ಕುರ್ಚಿಯ ಮೇಲೆ ಬಿಸಿಲು ಬಂದು ಕೂತು, ಹಾಡು ಮುಗಿಯುವ ಹೊತ್ತಿಗೆ ಎದ್ದು ಹೋಗುತ್ತಿತ್ತು.

ಕಳೆದ ಹನುಕ್ಕಾದಲ್ಲಿ ದೀಪ ಹಚ್ಚಿ ಬಂದ ಮೊಮ್ಮಗಳು, "ಆಂಟಿ, ಇವತ್ತು ನಾನು ಹಾಡಿಸಲಾ?" ಎಂದಳು. ನಿಂತವಳೇ ಮೇಲಿನ ಶ್ರುತಿಯಲ್ಲಿ ಎತ್ತಿಕೊಂಡಳು. ಮೂರನೆಯ ಸಾಲಿಗೆ ಚಿಕ್ಕವರೆಲ್ಲ ಸುಮ್ಮನಾದರು. ಅವಳು ನನ್ನತ್ತ ನೋಡಿದಳು. ಸರಿಯಾದ ಶ್ರುತಿ ನನ್ನ ನಾಲಿಗೆ ತುದಿಯಲ್ಲೇ ಇತ್ತು. ತುಟಿ ಕಚ್ಚಿ ಕೂತೆ. ಟೀಚರಿಗೆ ಅಂದು ಸುಮ್ಮನಿರುವುದು ಎಷ್ಟು ಕಷ್ಟವಾಗಿತ್ತೆಂದು ಆಗ ತಿಳಿಯಿತು.

ಅವಳು ಎಲ್ಲರಿಗಿಂತ ಚಿಕ್ಕ ಮಗುವಿನ ಕಡೆ ತಿರುಗಿದಳು. ಅಂಗೈ ನಿಧಾನವಾಗಿ ಮೊಣಕಾಲಿನ ಕಡೆ ಇಳಿಯಿತು. ಹೆಬ್ಬೆರಳಿನ ಉಗುರಿನ ಮೇಲೆ ನೀಲಿ ಮೇಣದ ಒಂದು ಹನಿ ಇತ್ತು.