ಮಾವನ ಪೆಟ್ಟಿಗೆಯ ಮೂರನೆಯ ಡ್ರಾಯರು

ಮೂರನೆಯ ಡ್ರಾಯರನ್ನು ಕೆಡಿಸಿದವಳು ನಾನು. ನನ್ನ ಮಾವನ ಕೈಯೂ ಅಲ್ಲ, ಅವರ ಕಣ್ಣೂ ಅಲ್ಲ — ನಾನು. ಒಂಬತ್ತು ವರ್ಷ ಇದನ್ನು ಬಾಯಿಬಿಟ್ಟು ಹೇಳದೆ ಅವರಿಗೆ ಊಟ ಬಡಿಸಿದೆ, ಅವರ ಪಕ್ಕದಲ್ಲೇ ನಿಂತು ಕೆಲಸ ಕಲಿತೆ.

ದೊಡ್ಡಗಾಜನೂರಿನಲ್ಲಿ ಮಾವನನ್ನು ಎಲ್ಲರೂ ಆಚಾರಿ ಎಂದೇ ಕರೆಯುತ್ತಾರೆ. ಸುತ್ತಲಿನ ಊರುಗಳ ಬಾಗಿಲು, ಮಂಚ, ತೊಟ್ಟಿಲು ಅರ್ಧಕ್ಕರ್ಧ ಅವರು ಮಾಡಿದವು. ಅವರ ಸ್ವಂತ ಉಳಿ, ಗರಗಸಗಳು ಮಾತ್ರ ಒಂದು ಗೋಣಿಚೀಲದಲ್ಲಿದ್ದವು. ಅರವತ್ತೈದು ದಾಟಿದ ಮೇಲೆ ಒಂದು ದಿನ, ಯಾರದೋ ಹಳೆಯ ಮನೆ ಕೆಡವಿದಾಗ ಸಿಕ್ಕ ತೇಗದ ಹಲಗೆಗಳನ್ನು ತಂದು ಜಗುಲಿಯ ಮೇಲೆ ಹರಡಿ, "ಇದು ನಂಗ" ಎಂದರು. ಹತಾರಗಳಿಗೊಂದು ಪೆಟ್ಟಿಗೆ, ಅದರಲ್ಲಿ ಒಂದರ ಕೆಳಗೊಂದು ನಾಲ್ಕು ಡ್ರಾಯರು.

ಪೆಟ್ಟಿಗೆ ಮುಗಿಯುತ್ತ ಬಂದಾಗ ನನ್ನನ್ನು ಕರೆದರು. "ಬಾರವ್ವ, ಮ್ಯಾಲಿನ್ದ ಒಳಕ್ ತಳ್ಳು."

ತಳ್ಳಿದೆ. ಕೆಳಗಿನವು ಮೂರೂ ತಾವಾಗಿಯೇ ಮೆಲ್ಲಗೆ ಹೊರಗೆ ಬಂದವು — ಒಳಗಿನಿಂದ ಯಾರೋ ನೂಕಿದ ಹಾಗೆ. ನಾನು ಬೆಚ್ಚಿ ಹಿಂದೆ ಸರಿದೆ. ಮಾವ ನಕ್ಕರು.

"ಗಾಳಿ ಕಣವ್ವ. ಅದ್ಕ ವೋಗಕ ಸಂದೇ ಇಲ್ಲ. ಇನ್ನೇನ್ ಮಾಡದು, ಕೆಳಗಿನವ ತಳ್ತದ."

ಅವತ್ತಿನಿಂದ ನನ್ನ ತಲೆಯಲ್ಲಿ ಅದೇ. ಮುದ್ದೆ ತಿರುವುವಾಗ, ಹೊಲದಲ್ಲಿ ಕಳೆ ಕೀಳುವಾಗ — ಮರ ಸವೆಸುವಾಗ ಇನ್ನು ಸಾಕು ಎಂದು ಮಾವನ ಕೈಗೆ ಗೊತ್ತಾಗುವುದು ಹೇಗೆ? ಕೂದಲಿನಷ್ಟು ಜಾಗ ಬಿಡಬೇಕು, ಎರಡು ಕೂದಲಿನಷ್ಟು ಬಿಡಬಾರದು ಎಂಬುದನ್ನು ಬೆರಳು ಎಲ್ಲಿಂದ ಕಲಿಯುತ್ತದೆ? ಕೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಹೆಂಗಸರು ಮರದ ಪುಡಿ ಗುಡಿಸುತ್ತಿದ್ದರೇ ಹೊರತು ಹತಾರ ಮುಟ್ಟುತ್ತಿರಲಿಲ್ಲ. ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ, ಸುಮ್ಮನೆ — ಹಾಗೇ ನಡೆದು ಬಂದಿತ್ತು.

ಹಿತ್ತಾಳೆಯ ಹಿಡಿ ತರಲು ಮಾವ ತಾಳವಾಡಿಗೆ ಬಸ್ಸು ಹತ್ತಿದರು. ಗಂಡ ಹೊಲದಲ್ಲಿದ್ದರು. ನಾನು ಮೂರನೆಯ ಡ್ರಾಯರನ್ನು ಹೊರಗೆಳೆದು, ಮರ ನುಣುಪು ಮಾಡುವ ಕೀಸುಳಿಯನ್ನು ಅದರ ಪಕ್ಕದ ಹಲಗೆಯ ಮೇಲಿಟ್ಟೆ. ಒಂದೇ ಒಂದು ಸಲ, ಹೇಗಿರುತ್ತದೆಂದು ನೋಡಲು. ಈರುಳ್ಳಿ ಸಿಪ್ಪೆಯಂಥ ತೆಳು ಸುರುಳಿ ಎದ್ದಿತು. ಎಂಥ ಸುಖ ಅದು! ಇನ್ನೊಂದು ಸಲ. ಮತ್ತೆ ಆ ಕಡೆಯಿಂದ — ಎಷ್ಟು ಸಲವೋ ತಿಳಿಯದು. ತಿರುಗಿ ಒಳಗಿಟ್ಟಾಗ ಡ್ರಾಯರು ಗಡಗಡ ಅಲ್ಲಾಡಿತು. ಸುರುಳಿಗಳನ್ನು ಬಳಿದು ಒಲೆಗೆ ಹಾಕಿದೆ.

ಮಾವ ಬಂದವರು ಹಿಡಿಗಳನ್ನು ಕೂರಿಸಿ ಮೇಲಿನ ಡ್ರಾಯರನ್ನು ತಳ್ಳಿದರು. ಕಾದರು. ಕೆಳಗಿನ ಯಾವುದೂ ಮಿಸುಕಲಿಲ್ಲ; ಗಾಳಿಗೆ ಮೂರನೆಯದರ ಪಕ್ಕದಲ್ಲಿ ಸಂದು ಸಿಕ್ಕಿತ್ತು.

"ನೀ ಏನಾರ ಮುಟ್ಟಿದ್ಯಾವ್ವ?"

"ಇಲ್ಲ ಮಾವ."

ಅಷ್ಟೇ. ನಂಬಿದರು — ನನ್ನ ಮುಖವನ್ನು ಕೂಡ ನೋಡಲಿಲ್ಲ. ಮೂರನೆಯದನ್ನು ಹೊರತೆಗೆದು ಹೆಬ್ಬೆರಳಿನಿಂದ ಸವರಿದರು. "ಮರದ್ ಎಳೆಗ ಎದ್ರಾಗಿ ಕೀಸ್ಬುಟ್ಟಿವ್ನಿ. ಕಲಿಯಾಗ್ಲೂ ನಾ ಇಂಗ್ ಮಾಡಿರ್ನಿಲ್ಲ. ಕೀಸಿದ್ದೂ ನೆನಪಿಲ್ವಲ್ಲ... ಕೈ ವೋಯ್ತು ಬುಡು."

ಮಾರನೆಯ ದಿನ, ಬಾಗಿಲು ಮಾಡಿಸಲು ಬಂದಿದ್ದ ಪಣಕಹಳ್ಳಿಯವರನ್ನು ಬೇರೆಯವರ ಹತ್ತಿರ ಕಳಿಸಿದರು. ಉಳಿ, ಗರಗಸ ಗೋಣಿಚೀಲಕ್ಕೇ ಹೋದವು. ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ದಿನವೂ ಅಂದುಕೊಳ್ಳುತ್ತಿದ್ದೆ.

ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಎರಡು ತಿಂಗಳ ಮೇಲೆ ಅವರೇ ಕರೆದರು. "ನನ್ ಕಣ್ಣ ನಂಬಂಗಿಲ್ಲ. ನಿನ್ ಕಣ್ಣು ಚೆಂದಾಗದ. ನಾ ಯೋಳ್ತೀನಿ, ನೀ ಮಾಡು." ನಾನು ಹೂಂ ಎಂದೆ. ತಿಳಿಯಬೇಕೆಂದು ಒದ್ದಾಡಿದ್ದೆಲ್ಲ ನನಗೆ ತಿಳಿಯಿತು — ನನ್ನ ಸುಳ್ಳಿನಿಂದಲೇ ತಿಳಿಯಿತು. ಈಗ ಜೀರಹಳ್ಳಿಯಿಂದಲೂ ನನ್ನನ್ನು ಕೇಳಿಕೊಂಡು ಬರುತ್ತಾರೆ. ಬಂದವರಿಗೆಲ್ಲ ಮಾವ, "ನನ್ ಕೈ ವೋದ್ಮೇಲ ನನ್ ಸೊಸೆ ಕೈ ಬಂತು" ಎಂದು ಹೆಮ್ಮೆಯಿಂದ ಹೇಳುವಾಗ ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು.

ಹೋದ ತಿಂಗಳು, ಬೈಕು ರಿಪೇರಿ ಮಾಡುವವರೊಬ್ಬರಿಗೆ ನಾಲ್ಕು ಡ್ರಾಯರಿನ ಪೆಟ್ಟಿಗೆ ಮುಗಿಸಿದೆ. ಮಾವ ಮೇಲಿನದನ್ನು ತಳ್ಳಿದರು, ಕೆಳಗಿನವು ಹೊರಬಂದವು. ಅವರ ಮುಖ ಅರಳಿದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬಾಗಿಲಲ್ಲಿ ನಿಂತು ಕೇಳಿದ ನನ್ನ ಗಂಡ ಹೊರಗೆ ನಡೆದರು. ಮಾವ ತಮ್ಮ ಕೈಗಳನ್ನು ನೋಡಿಕೊಂಡರು. ಅವರ ಕೈಗಳು ಈಗ ನಿಜವಾಗಿಯೂ ನಡುಗುತ್ತವೆ. ಕಾಫಿ ಲೋಟ ಹಿಡಿಯಲು ಎರಡೂ ಬೇಕು.

"ಆಗ ನನ್ ಕೈ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು ಮಾವ."

ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. ನಿಜವಾಗಿಯೂ ತಿಳಿಯಬೇಕೆನ್ನುವವರಂತೆ ನನ್ನ ಕಡೆ ಬಾಗಿ ಕೇಳಿದರು: "ಈ ಒಂಬತ್ ವರ್ಸದಲ್ಲಿ ನಾ ಅಂತವು ಎಷ್ಟ್ ಪೆಟ್ಗೆ ಮಾಡಿರ್ತಿದ್ದೆ?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಒಂದಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ನನಗೀಗ ಚೆನ್ನಾಗಿ ಗೊತ್ತು.

"ಇಪ್ಪತ್ತಾದ್ರೂ ಮಾಡಿರ್ತಿದ್ರಿ ಮಾವ."

"ಇಪ್ಪತ್ತು" ಎಂದು ಅವರು ತಮಗೆ ತಾವೇ ಹೇಳಿಕೊಂಡು ರಸ್ತೆಯ ಕಡೆ ತಿರುಗಿದರು. ನಾನು ಎದ್ದು ಹೋಗಲಿಲ್ಲ.